ಅಕ್ಕನ ಬಾವಿಗೆ ದುಡಿದವರು

ಬೀದಿಯವರಿಗೆಲ್ಲ ಅವನು ಗ್ರೀಸಣ್ಣ. ಗ್ಯಾರೇಜಿನಲ್ಲೇ ಆಯುಷ್ಯ ಸವೆಸಿದವನು; ಎಷ್ಟು ಸೋಪು ತಿಕ್ಕಿದರೂ ಉಗುರಿನ ಕಪ್ಪು ಹೋದದ್ದಿಲ್ಲ. ಅಪ್ಪ ಅಮ್ಮ ಇಲ್ಲದ ಅವನನ್ನು ಸಾಕಿ ಸಲಹಿದವಳು ಅಕ್ಕ. ಗ್ಯಾರೇಜಿನ ಗೋಡೆಯಾಚೆಯೇ ಅವಳ ಮನೆ, ಅವಳ ಬಾವಿ. ಒಂದು ಬೆಳಿಗ್ಗೆ ಆ ಬಾವಿಯ ನೀರು ಪೆಟ್ರೋಲ್ ವಾಸನೆ ಹೊಡೆಯಿತು. ಗ್ಯಾರೇಜಿನ ಹಿಂದೆ ನೆಲದಲ್ಲಿ ಹೂತಿದ್ದ ಟ್ಯಾಂಕು ಒಳಗಿಂದೊಳಗೇ ಸೋರಿತ್ತು.

ಅಕ್ಕ ಒಂದು ಮಾತೂ ಬಯ್ಯಲಿಲ್ಲ. ನೋಯುವ ಮಂಡಿಯಲ್ಲೇ ಬಿಂದಿಗೆ ಹಿಡಿದು ಬೀದಿ ಕೊನೆಯ ನಲ್ಲಿಗೆ ಹೊರಟಳು. ಗ್ರೀಸಣ್ಣ ಅವಳು ಹೋದ ದಾರಿಯನ್ನೇ ನೋಡಿದ. ಬಯ್ದಿದ್ದರಾದರೂ ವಾಸಿಯಿತ್ತು. ಬಾವಿ ಸರಿಹೋಗದಿದ್ದರೆ ಅವಳಿಗೆ ಮುಖ ತೋರಿಸುವುದಾದರೂ ಹೇಗೆ?

ಟ್ಯಾಂಕು ಕೀಳಿಸಿದ. ಕಾಲೇಜಿನಿಂದ ಮಣ್ಣು ಪರೀಕ್ಷೆಯ ಮೇಡಂ ಬಂದು, ನೆನೆದ ಮಣ್ಣನ್ನು ಅಗೆಸಿ ಗುಡ್ಡೆ ಹಾಕಿಸಿದರು.

"ಮಣ್ಣಲ್ಲೇ ಬ್ಯಾಕ್ಟೀರಿಯಾ ಇರ್ತವೆ ಅಣ್ಣ. ಪೆಟ್ರೋಲಲ್ಲಿರೋ ಬೆಂಜೀನ್ ಅನ್ನೋ ವಿಷ ಒಂದು ಗಟ್ಟಿ ಬಳೆ ಇದ್ದ ಹಾಗೆ. ಗಾಳಿ ಸಿಕ್ರೆ ಇವು ಆ ಬಳೆ ಒಡೆದು ತಿಂದುಬಿಡ್ತವೆ. ಗುಡ್ಡೆ ಮಗುಚ್ತಾ ಇರಿ, ತೇವ ಆರಬಾರ್ದು, ಒಂಚೂರು ಗೊಬ್ಬರ ಹಾಕಿ. ಬಾವಿಗೂ ಗಾಳಿ ಬಿಡಿ."

"ನಮ್ಮ ಗಿರಾಕಿಗಳ ಗಾಡಿ ಥರಾನೇ ಕುಡೀತವೆ ಅನ್ನಿ," ಎಂದ ಗ್ರೀಸಣ್ಣ. ಟೈರಿಗೆ ಗಾಳಿ ತುಂಬುವ ಕಂಪ್ರೆಸರಿನ ಪೈಪನ್ನು ಬಾವಿಗಿಳಿಸಿದ.

ಆದರೆ ಕೈಗೆ ಅಂಟಿದ ಚಾಳಿ ಬಿಡಬೇಕಲ್ಲ. ನೆಲಕ್ಕೆ ಏನೇ ಚೆಲ್ಲಲಿ, ಬ್ಲೀಚಿಂಗ್ ಪೌಡರ್ ಎರಚಿ ಬಳಿಯುವುದು ಅವನ ಗ್ಯಾರೇಜಿನ ಪದ್ಧತಿ. ಅಕ್ಕನಿಗೆ ವಾಸನೆ ಬರಬಾರದೆಂದು ಗುಡ್ಡೆಗೂ ಧಾರಾಳವಾಗಿ ಸುರಿದ. ಮೇಡಂ ಮತ್ತೆ ಬಂದು ನೋಡಿ ಹಣೆ ಚಚ್ಚಿಕೊಂಡರು.

"ಬ್ಲೀಚಿಂಗ್ ಹಾಕಿ, ಮಣ್ಣಲ್ಲಿ ದುಡೀತಿದ್ದ ಕೆಲಸಗಾರರನ್ನೆಲ್ಲ ನೀವೇ ಕೊಂದ್ರಲ್ಲ ಅಣ್ಣ."

ಅವನು ಅಲ್ಲೇ ಕುಕ್ಕರುಗಾಲಲ್ಲಿ ಕೂತು ಬಿಳಿ ಪುಡಿ ಬಾಚತೊಡಗಿದ. ಕೈಯಾರೆ ಕೆಡಿಸಿಕೊಂಡಿದ್ದ. ಮೇಡಮ್ಮಿಗೆ ಅಯ್ಯೋ ಅನಿಸಿತು.

"ಬಹಳ ಕಾಲದಿಂದ ಎಣ್ಣೆ ಕುಡಿದ ಮಣ್ಣು ಎಲ್ಲಾದ್ರೂ ಇದ್ಯಾ? ಅಲ್ಲಿರೋ ಬ್ಯಾಕ್ಟೀರಿಯಾ ಇದಕ್ಕೆ ಪಳಗಿರ್ತವೆ."

ಇಲ್ಲದೇ ಏನು? ಗಾಡಿಯ ಕೆಳಗೆ ಇಳಿದು ರಿಪೇರಿ ಮಾಡುವ ಗುಂಡಿಯ ಅಂಚಿನ ಮಣ್ಣು ಇದ್ದಿಲಿನಂತಿತ್ತು. ಬ್ಲೀಚಿಂಗಿನ ಘಾಟು ಪೂರ್ತಿ ಆರಿದ ಮೇಲೆ, ಹಾಲಿಗೆ ಹೆಪ್ಪು ಹಾಕಿದಂತೆ ಅದನ್ನು ಗುಡ್ಡೆಗೆ ಬೆರೆಸಿದ. ದಿನವೂ ಮಗುಚಿದ. ಬರಬರುತ್ತಾ ಪೆಟ್ರೋಲ್ ಘಾಟು ಹೋಗಿ ಬರೀ ಮಣ್ಣಿನ ವಾಸನೆ ಉಳಿಯಿತು. ಕಣ್ಣಿಗೆ ಕಾಣದ ಆ ಜೀವಗಳ ಋಣ ತೀರಿಸುವುದು ಹೇಗೆಂದು ಅವನಿಗೆ ತಿಳಿಯಲಿಲ್ಲ. "ಪುಣ್ಯಾತ್ಮರು ಕಣಪ್ಪ," ಎಂದು ಗುಡ್ಡೆಯ ಮುಂದೆ ಗೊಣಗಿದ.

ಬಾವಿಯ ನೀರನ್ನು ಪರೀಕ್ಷಿಸಿದ ಮೇಡಂ ಅದು ಕುಡಿಯಲು ಯೋಗ್ಯ ಎಂದು ಫೋನಿನಲ್ಲಿ ಹೇಳಿದ ದಿನ ಗ್ರೀಸಣ್ಣ ನೀರು ಸೇದಿ ಲೋಟ ತುಂಬಿದ. ಯಾವುದಕ್ಕೂ ತಾನೇ ಮೊದಲು ಕುಡಿಯೋಣವೆಂದು ಎತ್ತುವಷ್ಟರಲ್ಲಿ ಅಕ್ಕ ಕಿತ್ತುಕೊಂಡು ಗಟಗಟ ಕುಡಿದಳು.

"ಪರೀಕ್ಷೆಲಿ ಏನು ಬಂತು ಅಂತಾದ್ರೂ ಕೇಳಬಾರ್ದಾ ಅಕ್ಕಾ?"

"ನೀನು ಸೇದಿದ ನೀರು. ಅದನ್ನ ಬೇರೆಯವರು ಹೇಳ್ಬೇಕೇನೋ?"

ಎಂದವಳು ಖಾಲಿ ಲೋಟವನ್ನು ಮತ್ತೆ ಅವನ ಮುಂದೆ ಚಾಚಿದಳು.