ಗೇಟಣ್ಣನ ವಾಪಸ್ ಟ್ರಿಪ್ಪು

ನನ್ನ ತಮ್ಮನಿಗೆ ಅಪ್ಪ ಇಟ್ಟ ಹೆಸರು ಅವನ ಡ್ರೈವಿಂಗ್ ಲೈಸೆನ್ಸಿನಲ್ಲಿ ಮಾತ್ರ ಇದೆ. ಊರಿಗೆಲ್ಲ ಅವನು ಗೇಟಣ್ಣ. ಮನೆಯಲ್ಲಿ ನಾನು ಕರೆಯುವುದು ಮಾತ್ರ "ಏನೋ ದಂಡಪಿಂಡ" ಎಂದೇ. ಅಕ್ಕ ಎನಿಸಿಕೊಂಡವಳಿಗೆ ಅಷ್ಟೂ ಹಕ್ಕು ಬೇಡವೇ?

ನಮ್ಮೂರಿನಿಂದ ಗಡಿ ಹೆಚ್ಚು ದೂರವಿಲ್ಲ. ಊರಲ್ಲಿ ಕೆರೆಯಿದೆ, ಕೆರೆಯಾಚೆ ಬೆಟ್ಟವಿದೆ, ಅವನ್ನು ನೋಡಲು ಬರುವವರಿಂದಲೇ ಎಲ್ಲರ ಮನೆಯ ಒಲೆ ಉರಿಯಬೇಕು. ಬಂದು ನೋಡಿ ಹೋಗುವವರ ಜೊತೆಗೆ, ಬಂದು ಇಲ್ಲೇ ಬೇರುಬಿಟ್ಟ ಪರದೇಶದವರೂ ಇದ್ದರು. ಪಿಂಚಣಿಯ ಮುದುಕರು, ಪಾಠ ಹೇಳುವವರು, ಕಾಫಿ ಅಂಗಡಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿಕೊಂಡು ದಿನವಿಡೀ ಕೂರುವವರು. ಇವರಿಗೆಲ್ಲ ಒಂದೇ ತಾಪತ್ರಯ. ಇಲ್ಲಿರಲು ಕೊಟ್ಟ ಅನುಮತಿ ಕೆಲವೇ ತಿಂಗಳದ್ದು. ಅದು ಮುಗಿಯುವ ಮುಂಚೆ ದೇಶದಿಂದ ಆಚೆ ಕಾಲಿಟ್ಟು, ಮತ್ತೆ ಒಳಗೆ ಬಂದು, ಹೊಸ ಮೊಹರು ಹಾಕಿಸಿಕೊಳ್ಳಬೇಕು. ಅದಕ್ಕೆ ಊರಿನವರು ಇಟ್ಟ ಹೆಸರು 'ಗೇಟು ಮುಟ್ಟಿ ಬರೋದು'. ಮಕ್ಕಳ ಆಟದ ಹಾಗೆ.

ಮುಟ್ಟಿಸಿಕೊಂಡು ಬರುವವನು ನನ್ನ ತಮ್ಮ. ಬೆಳಿಗ್ಗೆ ವ್ಯಾನು ತುಂಬಿಸಿಕೊಂಡು ಹೊರಟರೆ, ಗೇಟಿನ ಹತ್ತಿರ ಎಲ್ಲರನ್ನೂ ಇಳಿಸುತ್ತಿದ್ದ. ಅವರು ಎರಡು ಗೇಟುಗಳ ನಡುವಿನ ಖಾಲಿ ರಸ್ತೆ ದಾಟಿ, ಆ ಕಡೆ ಒಂದು ಮೊಹರು ಒತ್ತಿಸಿಕೊಂಡು, ಅಲ್ಲಿನ ಟೀ ಅಂಗಡಿಯಲ್ಲಿ ಒಂದು ಲೋಟ ಕುಡಿದು, ತಿರುಗಿ ಬಂದು ಈ ಕಡೆ ಇನ್ನೊಂದು ಒತ್ತಿಸಿಕೊಳ್ಳುತ್ತಿದ್ದರು. ಊಟದ ಹೊತ್ತಿಗೆ ಎಲ್ಲರೂ ಅವರವರ ಮನೆಯಲ್ಲಿ.

ಅವನದೊಂದು ಕಟ್ಟಪ್ಪಣೆ ಇತ್ತು. "ಕೈ ಬೀಸ್ಕೊಂಡು ಹೋಗಿ, ಕೈ ಬೀಸ್ಕೊಂಡು ಬನ್ನಿ." ಒಬ್ಬರ ಹೆಗಲಲ್ಲಿ ಬ್ಯಾಗು ಕಂಡರೂ ಗೇಟಿನವರು ಬಿಚ್ಚಿಸಿ ನೋಡುತ್ತಾರೆ, ಸಾಲು ಅಲ್ಲೇ ನಿಲ್ಲುತ್ತದೆ. ಅದಕ್ಕೆ ಬ್ಯಾಗು, ಮಾತ್ರೆ, ಸ್ವೆಟರು, ಮನೆಯ ಬೀಗದ ಕೈ ಎಲ್ಲ ವ್ಯಾನಿನಲ್ಲೇ ಬಿಟ್ಟು ಹೋಗಬೇಕು. ಪಾಸ್‌ಪೋರ್ಟು, ಫೋನು, ಟೀಗೆ ಚಿಲ್ಲರೆ, ಅಷ್ಟೇ. "ನಾನು ಕರ್ಕೊಂಡು ಹೋದೋರು ಯಾರಾದ್ರೂ ವಾಪಸ್ ಬರದೇ ಉಳಿದಿದಾರಾ? ಒಬ್ಬರನ್ನ ತೋರ್ಸಿ ನೋಡೋಣ!" ಎಂದು ಮೀಸೆ ತಿರುವುತ್ತಿದ್ದ. ಆ ಜಂಬ ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು, ಒಳಗೊಳಗೇ ಹೆಮ್ಮೆಯೂ ಆಗುತ್ತಿತ್ತು.

ಅವನ ಹೆಂಡತಿಯೂ ಪರದೇಶದವಳೇ, ಗೇಟಿನ ಆ ಕಡೆಯವಳು. ಇಲ್ಲಿ ಒಂದು ಲಾಡ್ಜಿನ ಕೌಂಟರಿನಲ್ಲಿ ಬಂದವರ ಹೆಸರು ಬರೆದುಕೊಳ್ಳುವ ಕೆಲಸಕ್ಕೆ ಬಂದವಳು, ಇವನ ವ್ಯಾನಿನಲ್ಲೇ ಗೇಟು ಮುಟ್ಟಲು ಹೋಗಿ ಬಂದು, ಹೋಗಿ ಬಂದು, ಕೊನೆಗೆ ಇವನ ಮನೆಗೇ ಬಂದಳು. ಒಳ್ಳೆಯ ಹುಡುಗಿ. ನಮ್ಮ ಮಾತು ಕಲಿತಳು, ನನ್ನ ಬೈಗುಳ ತಡೆದುಕೊಳ್ಳುವುದನ್ನೂ ಕಲಿತಳು. ಮದುವೆಯಾದ ಮೇಲೆ ಅವಳಿಗೆ ಇಲ್ಲೇ ಕಾಯಂ ಇರುವ ಅನುಮತಿ ಸಿಗುತ್ತಿತ್ತು. ದೊಡ್ಡ ಊರಿನ ಕಚೇರಿಗೆ ನಾಲ್ಕಾರು ಸಲ ಅಲೆಯಬೇಕಿತ್ತು, ಅಷ್ಟೇ. ಅಲೆದನೇ ನನ್ನ ತಮ್ಮ? ಇಲ್ಲ.

"ಊರಿನೋರನ್ನೆಲ್ಲ ಗೇಟು ಮುಟ್ಸಿ ತರೋನು ನಾನು. ನನ್ನ ಹೆಂಡ್ತೀನ ತರಲ್ವಾ? ಮುಂದಿನ ಸೀಟು ಅವಳಿಗೇ ಕಣಕ್ಕ" ಎಂದ.

"ಸೀಟಲ್ಲಿ ಕೂತು ಸಂಸಾರ ಮಾಡಕ್ಕಾಗತ್ತೇನೋ? ಕಚೇರಿಗೆ ಹೋಗೋ" ಎಂದು ಬಾಯಿ ಬಡಿದುಕೊಂಡೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಬೇರೆ ಕಸುಬಿನವನಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ ಎಂದು ಇವತ್ತಿಗೂ ನನಗನಿಸುತ್ತದೆ. ಗೇಟು ಅವನಿಗೆ ಮನೆಯ ಬಾಗಿಲಿನಷ್ಟೇ ಸಲೀಸಾಗಿಬಿಟ್ಟಿತ್ತು.

ನನ್ನದು ಲಾಡ್ಜುಗಳ ಬಟ್ಟೆ ಒಗೆಯುವ ಕೆಲಸ. ಹಿತ್ತಿಲಲ್ಲಿ ಎರಡು ಮೆಷಿನ್ನು, ಮೇಲೆ ತಂತಿ, ತಂತಿಯ ತುಂಬ ಹಾಸಿಗೆಯ ಬಿಳಿ ಹೊದಿಕೆಗಳು. ಆ ವರ್ಷ ಸೀಸನ್ನು ಇನ್ನೂ ಜೋರಾಗಿರಬೇಕಾದ ಸಮಯದಲ್ಲೇ ಗಂಟುಗಳು ಸಣ್ಣಗಾಗತೊಡಗಿದವು. ಒಂದು ಲಾಡ್ಜಿನಿಂದ ಬಂದ ಗಂಟನ್ನು ಬಿಚ್ಚಿದರೆ ನಾನೇ ಮಡಿಚಿ ಕೊಟ್ಟ ಮಡಿಕೆ ಹಾಗೇ ಇತ್ತು. ಯಾರೂ ಮಲಗಿರಲಿಲ್ಲ. ಧೂಳು ಹಿಡಿದಿದೆ, ಇನ್ನೊಂದು ಸಲ ಒಗೆದುಕೊಡಿ ಎಂದಿದ್ದರು. ತಂತಿಯ ಮೇಲೆ ಅರ್ಧಕ್ಕರ್ಧ ಜಾಗ ಖಾಲಿ ಉಳಿಯಿತು.

ಗೇಟಿನ ಸುದ್ದಿಯನ್ನು, ಮುಟ್ಟಿ ಬಂದವರಿಂದ ಕೇಳಿ, ತಮ್ಮನ ಹೆಂಡತಿಯೇ ತಂದಳು. ಮೊಹರು ಒತ್ತುವವರು ಈಗ ಕೈಗವಸು ಹಾಕಿಕೊಂಡು, ಪಾಸ್‌ಪೋರ್ಟನ್ನು ಎರಡು ಬೆರಳಿನಲ್ಲಿ ಹಿಡಿಯುತ್ತಾರೆ. ಆ ಕಡೆಯ ಟೀ ಅಂಗಡಿಯವಳು ಬೆಂಚು, ಸ್ಟೋವು ಎಲ್ಲ ಕಿತ್ತುಕೊಂಡು ಎಲ್ಲಿಗೋ ಹೋಗಿದ್ದಾಳೆ. ಆ ಕಡೆ ಯಾವುದೋ ಜ್ವರ ಎಂದರು ಕೆಲವರು. ಜ್ವರವೂ ಇಲ್ಲ ಗಿರವೂ ಇಲ್ಲ, ದೊಡ್ಡವರ ಜಗಳ ಎಂದರು ಇನ್ನು ಕೆಲವರು. ತಮ್ಮನದು ಅದೇ ಉಡಾಫೆ. "ಇಂಥವೆಲ್ಲ ಎಷ್ಟು ಬಂದಿಲ್ಲ, ಎಷ್ಟು ಹೋಗಿಲ್ಲ!"

ಅವಳ ಅನುಮತಿ ಮುಗಿಯುತ್ತ ಬಂದಿತ್ತು. ಮುಟ್ಟಿ ಬರಲೇಬೇಕು, ಇಲ್ಲದಿದ್ದರೆ ಇವರೇ ಹಿಡಿದು ಆಚೆ ಹಾಕುತ್ತಾರೆ. ಮಗುವಿಗೆ ಆಗಿನ್ನೂ ಅಂಬೆಗಾಲು. ಪುಟ್ಟಿ ಎನ್ನುತ್ತಿದ್ದೆವು.

"ಈ ಸಲ ಪುಟ್ಟೀನೂ ಎತ್ಕೊಂಡು ಹೋಗ್ತೀನಿ" ಎಂದಳು ಅವಳು.

"ಇಲ್ಲೇ ಹುಟ್ಟಿದ ಮಗೂಗೆ ಮೊಹರು ಯಾಕೆ? ಬಿಸಿಲಲ್ಲಿ ಸುಮ್ನೆ ಒಣಗ್ಸೋದು. ಕೈ ಬೀಸ್ಕೊಂಡು ಹೋಗಿ ಬಾ. ಊಟಕ್ಕೆ ಇಲ್ಲೇ ಇರ್ತೀಯ" ಎಂದ ಇವನು.

ಅವಳು ಮಗುವಿಗೆ ಹಾಲೂಡಿಸಿ ನನ್ನ ಕೈಗೆ ಕೊಟ್ಟಳು. ಬಾಗಿಲವರೆಗೆ ಹೋದವಳು ತಿರುಗಿ ಬಂದು ಇನ್ನೊಂದು ಸಲ ಊಡಿಸಿದಳು. ವ್ಯಾನಿನ ಹಾರ್ನು ಬೀದಿಯಲ್ಲಿ ಬಡಕೊಳ್ಳುತ್ತಿತ್ತು. "ಹೋಗಮ್ಮ, ಆ ಪೀಡೆ ಬೀದಿಯವರನ್ನೆಲ್ಲ ಎಬ್ಬಿಸ್ತಾನೆ" ಎಂದು ನಾನೇ ಕಳಿಸಿದೆ.

ಮುಂದಿನದನ್ನು ತಮ್ಮ ಹೇಳಿದ್ದು. ಎಲ್ಲರೂ ಆ ಕಡೆ ಮೊಹರು ಒತ್ತಿಸಿಕೊಂಡು ತಿರುಗಿ ಹೊರಟಿದ್ದರು. ಎಲ್ಲರಿಗಿಂತ ಮುಂದೆ ಇವಳೇ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು. ಖಾಲಿ ರಸ್ತೆಯ ಅರ್ಧ ದಾಟಿರಬೇಕು, ಈ ಕಡೆಯ ಗೇಟು ಇಳಿಯಿತು. ಮೈಕಿನಲ್ಲಿ ಏನೋ ಕೂಗಿದರು. ತಮ್ಮ ಓಡಿಹೋಗಿ ಗೇಟು ಕಾಯುವ ಮೀಸೆ ಸಾಹೇಬನ ಕೈ ಹಿಡಿದುಕೊಂಡನಂತೆ. ವರ್ಷಗಟ್ಟಲೆ ಒಟ್ಟಿಗೆ ಟೀ ಕುಡಿದ ಮನುಷ್ಯ. "ಮೇಲಿನ ಆರ್ಡರ್ ಬಂದಿದೆ, ಕೈ ಬಿಡು" ಎಂದನೇ ಹೊರತು ಮುಖ ಎತ್ತಿ ನೋಡಲಿಲ್ಲ. ನಡುರಸ್ತೆಯಲ್ಲಿ ಅಷ್ಟೂ ಜನ ಬರಿಗೈಯಲ್ಲಿ ನಿಂತಿದ್ದರು. ಸಂಜೆಯವರೆಗೂ ನಿಂತಿದ್ದು, ಕೊನೆಗೆ ಆ ಕಡೆಯವರೇ ಒಳಗೆ ಕರೆದುಕೊಂಡರು.

ವ್ಯಾನು ಮನೆ ಮುಂದೆ ಬಂದು ನಿಂತಾಗ ಸೀಟುಗಳ ಮೇಲೆಲ್ಲ ಬ್ಯಾಗುಗಳು ಕೂತಿದ್ದವು. ಜನರಿರಲಿಲ್ಲ. "ಎಲ್ಲೋ ಅವಳು?" ಎಂದೆ. ಸ್ಟೀರಿಂಗ್ ಬಿಡದೆ "ನಾಳೆ ತೆರೀತಾರಂತೆ ಅಕ್ಕ" ಎಂದ. ಒಳಗೆ ಮಗು ಬಾಟಲಿಯನ್ನು ನೂಕಿ ನೂಕಿ ಕಿರುಚುತ್ತಿತ್ತು.

ನಾಳೆ ತೆರೆಯಲಿಲ್ಲ. ನಾಡಿದ್ದೂ ಇಲ್ಲ. ಅವನು ಮಾತ್ರ ದಿನಾ ಬೆಳಿಗ್ಗೆ ಖಾಲಿ ವ್ಯಾನು ತೆಗೆದುಕೊಂಡು ಗೇಟಿಗೆ ಹೋಗಿ, ಸುಮ್ಮನೆ ಕೂತು ಬರುತ್ತಿದ್ದ. ಪುಟ್ಟಿ ಚಮಚದಲ್ಲಿ ಹಾಲು ಕುಡಿಯುವುದಕ್ಕೆ ಒಗ್ಗಿಕೊಂಡಳು. ತಾಯಿಯ ಸೊಂಟದಲ್ಲಿದ್ದ ಮಗು ನನ್ನ ಸೊಂಟಕ್ಕೆ ಬಂತು. ನನಗೆ ಮಕ್ಕಳಿಲ್ಲ. ಅಯ್ಯೋ ಪಾಪ ಎನ್ನಬೇಡಿ, ಅದನ್ನು ಕೇಳಿ ಕೇಳಿ ಸಾಕಾಗಿದೆ. ಆ ಮಗು ನನ್ನ ಜೀವವಾಯಿತು, ಅದನ್ನು ಮುಚ್ಚಿಡುವುದೂ ಇಲ್ಲ.

ಊರು ಕುಂಟತೊಡಗಿತು. ಬರುವವರೇ ಇಲ್ಲದ ಮೇಲೆ ಲಾಡ್ಜು ಯಾರಿಗೆ? ಒಂದೊಂದೇ ಬಾಗಿಲು ಹಾಕಿದವು. ದೋಣಿಗಳನ್ನು ದಡದಲ್ಲಿ ಮಗುಚಿ ಹಾಕಿದರು. ಬೆಟ್ಟ ತೋರಿಸುತ್ತಿದ್ದವನು ತರಕಾರಿ ಮಾರಲು ಕೂತ, ಫೋಟೋ ತೆಗೆಯುತ್ತಿದ್ದವನೂ ಅವನ ಪಕ್ಕದಲ್ಲೇ ತರಕಾರಿ ಇಟ್ಟುಕೊಂಡು ಕೂತ. ಇಬ್ಬರೂ ನೊಣ ಹೊಡೆಯುತ್ತ, ಒಬ್ಬರ ಮುಖ ಒಬ್ಬರು ನೋಡುತ್ತ ಇರುತ್ತಿದ್ದರು. ನನ್ನ ಒಂದು ಮೆಷಿನ್ನಿನೊಳಗೆ ಹಲ್ಲಿ ಸಂಸಾರ ಹೂಡಿತು.

ಹೊಟ್ಟೆ ಖಾಲಿಯಾದರೆ ನಾಲಿಗೆ ಹರಿತವಾಗುತ್ತದೆ. ಆ ಕಡೆ ಸಿಕ್ಕಿಬಿದ್ದವರ ಬಾಡಿಗೆ ಮನೆಗಳ ಬೀಗದ ಕೈಗಳೆಲ್ಲ ತಮ್ಮನ ಹತ್ತಿರ ಇದ್ದವು. ಮನೆಯ ಮಾಲೀಕರು ಬಂದು ಬಾಗಿಲಲ್ಲಿ ನಿಂತರು. "ಕೊಡು, ಸಾಮಾನು ಆಚೆ ಹಾಕ್ತೀವಿ." ಇವನು ಕೊಡಲಿಲ್ಲ. "ಬಂದು ಕೇಳಿದ್ರೆ ಏನು ಹೇಳ್ಲಿ ಅವರಿಗೆ?" ಎಂದ. ಮಾಲೀಕರು ಬೀಗ ಒಡೆದರು. ಯಾರದೋ ಪುಸ್ತಕಗಳು, ಯಾರದೋ ಚಪ್ಪಲಿಗಳು ಬೀದಿಗೆ ಬಿದ್ದವು. ಮೊದಲು 'ಗೇಟಣ್ಣ, ಗೇಟಣ್ಣ' ಎಂದು ಹಲ್ಲು ಕಿರಿಯುತ್ತಿದ್ದವರೇ "ಇವನೇ ಅಲ್ವಾ ಅವರನ್ನ ಬರಿಗೈಲಿ ಕಳಿಸಿ ಬಂದೋನು?" ಎಂದು ಅವನಿಗೆ ಕೇಳುವ ಹಾಗೇ ಮಾತಾಡಿಕೊಂಡರು. ಅವನು ಎದುರುತ್ತರ ಕೊಡಲಿಲ್ಲ. ಕೊಟ್ಟಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಈ ಕಡೆ ಉಳಿದ ಪರದೇಶಿ ಒಬ್ಬರೇ, ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದ ಉದ್ದ ಸಾಹೇಬರು. ಬಾಗಿಲು ದಾಟಲು ಬಗ್ಗಬೇಕಾದಷ್ಟು ಉದ್ದ. ಗೇಟು ಮುಚ್ಚಿದ ದಿನ ಹಲ್ಲುನೋವೆಂದು ವ್ಯಾನು ಹತ್ತಿರಲಿಲ್ಲ. ಆಮೇಲೆ ಅಂಗಡಿಯವರು ಅವರಿಗೆ ಬ್ರೆಡ್ಡು ಕೊಡುವುದನ್ನೂ ನಿಲ್ಲಿಸಿದರು. ಜ್ವರ ತಂದವರೇ ಇವರು ಎಂಬ ಗುಲ್ಲು. ಒಂದು ಸಂಜೆ ಅವರ ಕಿಟಕಿಯ ಗಾಜಿಗೆ ಕಲ್ಲು ಬಿತ್ತು. ಬೀದಿಗಿಳಿದು ಏಳೇಳು ತಲೆಮಾರು ಜಾಲಾಡಿದೆ, ಆದರೆ ಎಸೆದವರು ಯಾರೆಂದು ಗೊತ್ತಿದ್ದರೂ ಯಾರೂ ಬಾಯಿ ಬಿಡಲಿಲ್ಲ. ಅವತ್ತಿನಿಂದ ಅವರಿಗೂ ನಮ್ಮ ಮನೆಯಲ್ಲೇ ಊಟ.

ಪುಟ್ಟಿಯ ತಾಯಿ ಆ ಕಡೆ ಹಣ್ಣು ಡಬ್ಬಿಗೆ ತುಂಬುವ ಶೆಡ್ಡಿನಲ್ಲಿ ಕೆಲಸ ಹಿಡಿದಿದ್ದಳು. ಸಂಜೆಯಾದರೆ ವೀಡಿಯೊ ಕರೆ ಮಾಡುವಳು. ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಡುತ್ತಿದ್ದೆವು. ಅವಳು ಅಲ್ಲಿಂದ ಹಾಡುವಳು, ಬಾಯಿ 'ಆ' ಮಾಡಿಸುವಳು, ಇಲ್ಲಿ ನಾನು ಬಾಯಿಗೆ ತುತ್ತಿಡುತ್ತಿದ್ದೆ. ಮಗು ಗಾಜಿಗೆ ಮುತ್ತಿಟ್ಟು ಎಂಜಲು ಮಾಡುತ್ತಿತ್ತು. ಹಲ್ಲು ಬಂದದ್ದನ್ನು, ಎದ್ದು ನಿಂತದ್ದನ್ನು, ಮೊದಲ ಹೆಜ್ಜೆಯಿಟ್ಟದ್ದನ್ನು ತಾಯಿ ನೋಡಿದ್ದು ಅಂಗೈಯಗಲದ ಗಾಜಿನಲ್ಲೇ. "ಅಮ್ಮ ಎಲ್ಲಿ ಪುಟ್ಟಿ?" ಎಂದರೆ ಓಡಿಹೋಗಿ ಫೋನು ತರುತ್ತಿತ್ತು. ನಾವೆಲ್ಲ ನಗುತ್ತಿದ್ದೆವು. ಹೌದು, ನಗುತ್ತಿದ್ದೆವು.

ಮಗು ಬೀದಿಯ ತುದಿಯವರೆಗೆ ಓಡುವಷ್ಟಾದಾಗ ಒಂದು ಸುದ್ದಿ ಬಂತು. ಗೇಟು ಒಂದೇ ಒಂದು ದಿನ ತೆರೆಯುತ್ತದೆ, ಅದೂ ಹೊರಹೋಗುವವರಿಗೆ ಮಾತ್ರ. ಪರದೇಶದವರು ಹೋಗಬಹುದು. ಒಳಗೆ ಯಾರೂ ಬರುವಂತಿಲ್ಲ, ಈ ದೇಶದವರು ಆಚೆ ಹೋಗುವಂತೆಯೂ ಇಲ್ಲ. ಪುಟ್ಟಿಯ ತಾಯಿ ಅಲ್ಲಿನ ಕಚೇರಿಗಳನ್ನು ಅಲೆದು, ಮಗು ತನ್ನದು, ತನ್ನ ದೇಶದ್ದು ಎಂದು ಪತ್ರ ಮಾಡಿಸಿದ್ದಳು. ಮಗು ಹೋಗಬಹುದಿತ್ತು. ತಮ್ಮ ಹೋಗುವ ಹಾಗಿರಲಿಲ್ಲ.

"ಬೇಡ ಕಣೋ. ಇವತ್ತಲ್ಲ ನಾಳೆ ಪೂರ್ತಿ ತೆರೀತಾರೆ" ಎಂದೆ. ನನ್ನ ದನಿ ನನಗೇ ಸುಳ್ಳೆನಿಸಿತು.

"ನಾಳೆ ನಾಳೆ ಅಂತ ಹೇಳಿ ಹೇಳೀನೇ ಈ ಗತಿಗೆ ತಂದಿದೀನಿ" ಎಂದ. "ಗೇಟಿನ ಪಕ್ಕ ಗುಂಡಿ ತೋಡ್ತಿದಾರೆ ಅಕ್ಕ. ಕಬ್ಬಿಣ, ಸಿಮೆಂಟು ಎಲ್ಲ ತಂದು ಹಾಕಿದಾರೆ. ಗೋಡೆ ಏಳತ್ತೆ. ಈಗ ಕಳಿಸ್ದಿದ್ರೆ ಅವಳು ಮಗೂನ ಇನ್ಯಾವತ್ತು ನೋಡ್ತಾಳೆ?"

"ನೀನು?"

"ನಾನು ಮಾಡಿದ್ದು ನಾನು ಉಣ್ತೀನಿ."

ನಾನು ಎರಡು ದಿನ ಅವನ ಜೊತೆ ಮಾತು ಬಿಟ್ಟೆ. ಹಾಗೆ ಬಿಟ್ಟುಕೊಂಡೇ ಮಗುವಿನ ಬಟ್ಟೆಗಳನ್ನು ಒಗೆದು, ಇಸ್ತ್ರಿ ಮಾಡಿ, ಮಡಿಚಿ ಇಟ್ಟೆ.

ಮಗುವನ್ನು ಎತ್ತಿಕೊಂಡು ಹೋಗುವವರು ಉದ್ದ ಸಾಹೇಬರು. ಅನುಮತಿ ಎಂದೋ ಮುಗಿದಿದ್ದರಿಂದ ಅವರೂ ಹೋಗಲೇಬೇಕಿತ್ತು. ಹೋಗಿ ಸೇರಲು ಅವರಿಗೆ ತಮ್ಮ ದೇಶದಲ್ಲಿ ಯಾರೂ ಉಳಿದಿರಲಿಲ್ಲ. "ಅಕ್ಕಾ, ನನ್ನ ಮನೆ ಮಹಡಿ ಮೇಲೆ ಇದೆ, ನಾನು ಎಲ್ಲಿಗೆ ಹೋಗ್ತಾ ಇದೀನಿ?" ಎಂದು ತಮ್ಮ ಮುರುಕು ಮಾತಿನಲ್ಲಿ ಕೇಳಿದರು. ನಾನು ಅವರ ಅಂಗಿಯ ಕಾಲರು ಸರಿ ಮಾಡಿದೆ.

ಗೇಟಿನಲ್ಲಿ ಗುಂಡಿಗಳ ಸಾಲು ನಾನೇ ಕಣ್ಣಾರೆ ಕಂಡೆ. ಹಸಿ ಮಣ್ಣಿನ ರಾಶಿ, ಅದರಾಚೆ ಬೂದು ಬಣ್ಣದ ಕಂಬಗಳು. ಕೋವಿ ಹಿಡಿದವರು ಎಲ್ಲರೂ ಹೊಸಬರು, ಮೀಸೆ ಸಾಹೇಬ ಕಾಣಲಿಲ್ಲ. ನೆಲದ ಮೇಲೆ ಒಂದು ಹಳದಿ ಗೆರೆ. ತಮ್ಮ ಅದರ ಅಂಚಿನಲ್ಲಿ ನಿಂತು ಮಗಳ ಎರಡೂ ಅಂಗಾಲಿಗೆ ಮುತ್ತಿಟ್ಟ. ಕೋವಿಯವನೊಬ್ಬ "ಬೇಗ, ಬೇಗ" ಎಂದ. ನಾನು ಮಗುವನ್ನು ಸಾಹೇಬರ ಕೈಗೆ ದಾಟಿಸಿದೆ.

ಅವಳು ಅಳಲಿಲ್ಲ. ದಿನಾ ಎತ್ತಿ ಆಡಿಸುತ್ತಿದ್ದ ಸಾಹೇಬರು, ಅವಳಿಗೆ ಅದು ಸವಾರಿ. ಅವರ ಭುಜದ ಮೇಲಿಂದ ನಮಗೂ, ಕೋವಿಯವನಿಗೂ ಟಾಟಾ ಮಾಡಿದಳು. ಒಂದು ಸಲ ಅತ್ತಿದ್ದರೆ ನಾನು ಗೆರೆ ದಾಟಿ ಕಿತ್ತುಕೊಂಡು ಬರುತ್ತಿದ್ದೆ, ಹೊಡೆದರೆ ಹೊಡೆಯಲಿ ಎಂದು. ಖಾಲಿ ರಸ್ತೆಯ ಮೇಲೆ ಆ ಉದ್ದನೆ ಮನುಷ್ಯ ಸಣ್ಣಗಾಗುತ್ತ ಆಗುತ್ತ ಹೋಗಿ ಆ ಕಡೆಯ ಗೇಟಿನೊಳಗೆ ಕಾಣದಾದರು.

ಸಂಜೆ ಕರೆ ಬಂತು. ದನಿ ಮಾತ್ರ, ಮುಖವಿಲ್ಲ. "ತಲುಪಿದಳಾ? ಉಂಡಳಾ?" ಎಂದು ಒಂದೇ ಉಸಿರಿನಲ್ಲಿ ಕೇಳಿದೆ.

"ಹತ್ತಿರಾನೇ ಬರ್ತಿಲ್ಲ ಅಕ್ಕಾ" ಎಂದಳು ಪಿಸುದನಿಯಲ್ಲಿ. "ಎತ್ಕೊಂಡ್ರೆ ಕೊಸರಾಡ್ತಾಳೆ. ನಾನು ಅಮ್ಮ ಅಂದ್ರೆ ಯಾರೋ ಅನ್ನೋ ಹಾಗೆ ನೋಡ್ತಾಳೆ. ಬೆಳಗಿಂದ ಒಂದು ತುತ್ತು ತಿಂದಿರ್ಲಿಲ್ಲ. ಕೊನೆಗೆ ಸಾಹೇಬರ ಫೋನು ಇಸ್ಕೊಂಡು ಅವಳ ಮುಂದೆ ಇಟ್ಟೆ. ನಾನು ಪಕ್ಕದ ರೂಮಿಗೆ ಹೋಗಿ ಬಾಗಿಲು ಹಾಕ್ಕೊಂಡು ವೀಡಿಯೊ ಕಾಲ್ ಮಾಡ್ದೆ. ಆಗ ನಕ್ಳು ಅಕ್ಕಾ. ಅಮ್ಮಾ ಅಂದ್ಳು. ನಾನು ಬಾಗಿಲಾಚೆ ಹಾಡ್ತಿದ್ದೆ, ಸಾಹೇಬರು ತಿನ್ನಿಸಿದ್ರು."

ಫೋನಿನ ಸ್ಪೀಕರು ಹಾಕಿತ್ತು. ತಮ್ಮ ಎದುರಿಗೇ ಗೋಡೆಗೊರಗಿ ಕೂತಿದ್ದ, ಎಲ್ಲ ಕೇಳಿಸಿಕೊಂಡ. ಕರೆ ಮುಗಿದ ಮೇಲೆ ತಲೆಯೆತ್ತಿ ಕೇಳಿದ.

"ಇನ್ಮೇಲೆ ನಾನೂ ಅವಳಿಗೆ ಅಷ್ಟೇನಾ ಅಕ್ಕ?"

ಜೀವಮಾನವಿಡೀ ಅವನ ಒಂದು ಮಾತಿಗೆ ಹತ್ತು ಮಾತು ಆಡಿದವಳು ನಾನು. ಅವತ್ತು ಎದ್ದು ಹೋಗಿ ಅವನ ಪಕ್ಕದಲ್ಲಿ ಕೂತೆ.