ಕ್ಯಾಮೆರಾ ಚೀಲದಲ್ಲಿರಲಿ

ನಾನು ನಿಂತಿದ್ದದ್ದು ಜಪಾನಿನ ಎಡೋಗಾವಾದ ನಮ್ಮ ಅಪಾರ್ಟ್‌ಮೆಂಟಿನ ಹಿಂಬದಿಯಲ್ಲಿ, ಸೈಕಲ್ ಸ್ಟ್ಯಾಂಡಿನ ಮರೆಯಲ್ಲಿ, ಕಾಂಪೌಂಡ್ ಗೋಡೆಯಿಂದ ಆರು ಹೆಜ್ಜೆ ಈಚೆಗೆ. ಭೂಕಂಪವಾದ ವರ್ಷದ ಡಿಸೆಂಬರ್ ಇಪ್ಪತ್ತನಾಲ್ಕು, ಸಂಜೆ ಐದು ಗಂಟೆ. ಆಗಲೇ ಕತ್ತಲಾಗಿತ್ತು. ಕೆಳಮನೆಯ ಅಜ್ಜಿ ಬಾಗಿಲು ತೆರೆದು ಹೊರಬಂದಾಗ ಮೊದಲು ಕಂಡದ್ದು ಅವರ ಬಲ ಭುಜ. ಅದು ಎಡ ಭುಜಕ್ಕಿಂತ ಒಂದು ಬೆರಳಿನಷ್ಟು ಮೇಲಿತ್ತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪುಟ್ಟ ಹಳದಿ ಬಾವುಟ ಎತ್ತಿ ಹಿಡಿದು ಪ್ರವಾಸಿಗಳನ್ನು ನಡೆಸಿದ ಭುಜ ಅದು.

ಚಳಿಗಾಲದಲ್ಲಿ ಜಪಾನಿನವರನ್ನು ಹೆಲ್ಸಿಂಕಿಗೆ ಕರೆದೊಯ್ದು ಅಲ್ಲಿನ ಕ್ರಿಸ್‌ಮಸ್ ತೋರಿಸುವುದು ಅವರ ಉದ್ಯೋಗವಾಗಿತ್ತು. ನಿವೃತ್ತರಾದ ಮೇಲೂ ಆ ಕೈ ಸುಮ್ಮನಿರಲಿಲ್ಲ. ನಮ್ಮ ಜೊತೆ ಮೂಲೆಯ ಕೊಂಬಿನಿ ಅಂಗಡಿಗೆ ಹೊರಟರೂ ರಸ್ತೆ ದಾಟುವಾಗ ಮಡಚಿದ ಕೊಡೆ ಎತ್ತುತ್ತಿದ್ದರು. ಆಚೆ ಬದಿ ಸೇರಿದ ಮೇಲೆ ತಿರುಗಿ ನಮ್ಮನ್ನು ಎಣಿಸುತ್ತಿದ್ದರು. ನಾವು ಇದ್ದದ್ದೇ ಮೂವರು: ನಾನು, ಹೆಂಡತಿ ಸುಮಾ, ಮಗಳು ಅನಘಾ. ಮನೆಯೊಳಗೆ ನಾವು ಅವರನ್ನು ಗೈಡಜ್ಜಿ ಎನ್ನುತ್ತಿದ್ದೆವು. ನಾನು ಅಲ್ಲಿನ ಭಾರತೀಯ ಶಾಲೆಯೊಂದರಲ್ಲಿ ಗಣಿತದ ಮೇಷ್ಟ್ರು. ಹಾಗಾಗಿ ಅವರು ನನ್ನನ್ನು ಸೆನ್ಸೇ ಎನ್ನುತ್ತಿದ್ದರು. ನನ್ನೊಡನೆ ನಿಧಾನವಾದ, ತೊಳೆದಿಟ್ಟಂಥ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು.

ಭೂಕಂಪಕ್ಕೆ ಹಿಂದಿನ ಚಳಿಗಾಲ, ಹೆಲ್ಸಿಂಕಿಗೆ ಹೊರಟಿದ್ದ ಕೆಲವರಿಗಾಗಿ ಅವರು ನಮ್ಮ ಬಡಾವಣೆಯ ಸಭಾಂಗಣದಲ್ಲಿ ಒಂದು ತರಗತಿ ನಡೆಸಿದರು. ನಮ್ಮನ್ನೂ ಕರೆದಿದ್ದರು. ಸುಮಾಗೆ ಜ್ವರವಿತ್ತು; ನಾನು ಅನಘಾಳನ್ನು ಕರೆದುಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಮಾತೆಲ್ಲ ಜಪಾನೀಸಿನಲ್ಲಿ. ಒಂಬತ್ತು ವರ್ಷದ ಮಗಳು ನನ್ನ ಕಿವಿಯಲ್ಲಿ ಹೇಳುತ್ತಾ ಹೋದಳು. ಬಂದರಿನ ಪಕ್ಕದ ಚೌಕದಲ್ಲಿ ಸಂತೆ ಕೂಡುತ್ತದೆ, ಲವಂಗ ಏಲಕ್ಕಿ ಹಾಕಿದ ಬಿಸಿ ಪಾನೀಯ ಕೊಡುತ್ತಾರೆ. ಹಾಲಿನಲ್ಲಿ ಬೆಂದ ಅಕ್ಕಿಯ ಗಂಜಿಯಲ್ಲಿ ಒಂದೇ ಒಂದು ಬಾದಾಮಿ ಇರುತ್ತದೆ, ಸಿಕ್ಕವರಿಗೆ ಅದೃಷ್ಟ.

"ಓನ್ಲಿ ಒನ್ ಬಾದಾಮಿ?" ಎಂದಳು ಅನಘಾ. "ಅಮ್ಮನ ಪಾಯಸಾನೇ ಬೆಟರ್."

ಕೊನೆಗೆ ಗೈಡಜ್ಜಿಯ ದನಿ ತಗ್ಗಿತು. ಕ್ರಿಸ್‌ಮಸ್‌ನ ಹಿಂದಿನ ಸಂಜೆ ಆ ಊರಿನವರು ಸ್ಮಶಾನಕ್ಕೆ ಹೋಗಿ ತಮ್ಮವರ ಸಮಾಧಿಯ ಮೇಲೆ, ಹಿಮದಲ್ಲಿ, ಮೋಂಬತ್ತಿ ಹಚ್ಚುತ್ತಾರೆ. ಬೇರೆಲ್ಲೋ ಮಣ್ಣಾದವರಿಗಾಗಿಯೂ ಅಲ್ಲಿ ಒಂದು ಜಾಗವಿದೆ. ಪ್ರವಾಸಿಗಳು ಬಂದರೆ ಯಾರೂ ಬೇಡವೆನ್ನುವುದಿಲ್ಲ. ಆದರೆ ಬೇಲಿಯ ಬದಿಗೆ ನಿಲ್ಲಬೇಕು.

"ಕ್ಯಾಮೆರಾ ಬ್ಯಾಗ್‌ನಲ್ಲೇ ಇರ್ಬೇಕಂತೆ ಅಪ್ಪ," ಎಂದು ಅನಘಾ ಉಸುರಿದಳು. "ಟಾಕಿಂಗ್ ಇಲ್ಲ, ಕ್ಲ್ಯಾಪಿಂಗ್ ಇಲ್ಲ." ನಾನು ತಲೆಯಾಡಿಸಿದೆ.

ಮಾರ್ಚಿನಲ್ಲಿ ಭೂಕಂಪವಾಗಿ ಕಡಲು ಉಕ್ಕಿದಾಗ ಈಶಾನ್ಯದ ತೀರದಲ್ಲಿದ್ದ ಅವರ ಅಕ್ಕನೂ ಭಾವನೂ ಮನೆಯ ಸಮೇತ ಸಮುದ್ರದ ಪಾಲಾದರು. ದೇಹಗಳು ಸಿಗಲಿಲ್ಲ. ಅಂಚೆ ಪೆಟ್ಟಿಗೆಗಳ ಮುಂದೆ ನಿಂತು ಒಮ್ಮೆ ಇಷ್ಟನ್ನು ಹೇಳಿ, ಅವರು ಮತ್ತೆ ಕಾಗದಗಳನ್ನು ವಿಂಗಡಿಸತೊಡಗಿದರು. ನಾನು ಮುಂದೆ ಕೇಳಲಿಲ್ಲ. ಅದೇ ಮರ್ಯಾದೆ ಎಂದುಕೊಂಡೆ.

ಡಿಸೆಂಬರಿನಲ್ಲಿ ಪುಟ್ಟ ಬಕೆಟ್ ಹಿಡಿದು ನಮ್ಮ ಬಾಗಿಲಿಗೆ ಬಂದರು. "ಸೆನ್ಸೇ, ಹೆಲ್ಸಿಂಕಿಯವರ ಹಾಗೆ ಮಂಜುಗಡ್ಡೆಯ ದೀಪ ಮಾಡುತ್ತಿದ್ದೇನೆ. ನನ್ನ ಫ್ರೀಜರಿನಲ್ಲಿ ಒಂದೇ ಹಿಡಿಯುತ್ತದೆ. ಎರಡು ಬೇಕು." ಬಕೆಟ್ಟಿನ ನೀರು ಸುತ್ತಲೂ ಹೆಪ್ಪುಗಟ್ಟಿದ ಮೇಲೆ ನಡುವೆ ಉಳಿದ ನೀರನ್ನು ಚೆಲ್ಲಿದರೆ ಒಳಗೆ ಮೋಂಬತ್ತಿಗೆ ಜಾಗವಾಗುತ್ತದೆ.

ಸುಮಾ ಫ್ರೀಜರಿನಿಂದ ತೆಂಗಿನತುರಿಯ ಪೊಟ್ಟಣಗಳನ್ನೆಲ್ಲ ಹೊರಗಿಟ್ಟಳು. "ಪಾಪ, ಅಜ್ಜಿ ಏನೋ ಡೆಕೊರೇಷನ್ ಮಾಡ್ತಾರಂತೆ. ಇನ್ನೆರಡು ದಿನ ಕಾಯಿ ಹಾಕಿದ್ದೇ ಅಡುಗೆ, ಮಾತಾಡ್ದೆ ತಿನ್ಬೇಕು."

ಡೆಕೊರೇಷನ್ ಎಂಬ ಮಾತು ನಮ್ಮದು, ಅವರದಲ್ಲ. ಎರಡು ಸಾವು, ಎರಡು ದೀಪ: ಇದನ್ನು ಹೊಂದಿಸಿ ನೋಡಲು ಗಣಿತದ ಮೇಷ್ಟ್ರಿಗೆ ಬರಲಿಲ್ಲ. ಆ ವರ್ಷ ವಿದ್ಯುತ್ ಉಳಿಸಲೆಂದು ಬೀದಿಯ ಅಲಂಕಾರಗಳನ್ನೆಲ್ಲ ಮಿತಗೊಳಿಸಿದ್ದರು, ಮಕ್ಕಳು ಬೇಸತ್ತಿದ್ದರು. ಎಷ್ಟು ಹೊತ್ತಿಗೆ ಹಚ್ಚುತ್ತೀರಿ ಎಂದು ಅಜ್ಜಿಯನ್ನು ಕೇಳಿಕೊಂಡೆ. ಅವರಿಗೆ ಹೇಳದೆಯೇ, ನಮ್ಮ ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದ ಮೂರ್ತಿಯವರ ಮನೆಯವರನ್ನೆಲ್ಲ ಕರೆದೆ. "ಹೆಲ್ಸಿಂಕಿ ಕ್ರಿಸ್‌ಮಸ್, ನಮ್ಮ ಹಿತ್ತಲಲ್ಲೇ. ಬನ್ನಿ."

ಆ ಸಂಜೆ ನಾವೆಲ್ಲ ಸೈಕಲ್ ಸ್ಟ್ಯಾಂಡಿನ ಮರೆಯಲ್ಲಿ ಕಾಯುತ್ತಿದ್ದಾಗ ಹೊರಬಂದ ಅಜ್ಜಿ ಕಪ್ಪು ಕೋಟು ತೊಟ್ಟಿದ್ದರು. ಎರಡೂ ಮಂಜುಗಡ್ಡೆಗಳನ್ನು ಗೋಡೆಯ ಬುಡದಲ್ಲಿಟ್ಟು ಮಂಡಿಯೂರಿ ಮೊದಲನೆಯದನ್ನು ಹಚ್ಚಿದರು. ಅದರತ್ತ ಬಾಗಿ ಏನೋ ಹೇಳಿದರು. ಎರಡನೆಯದನ್ನು ಹಚ್ಚಿದರು. ನಾನು ಕ್ಯಾಮೆರಾ ಎತ್ತಿದೆ. ಅನಘಾ ನನ್ನ ತೋಳು ಜಗ್ಗಿದಳು.

"ಅಪ್ಪ, ಬ್ಯಾಗ್‌ನಲ್ಲಿ ಇಡಿ."

ಅವಳು ಯಾವುದನ್ನು ನೆನಪಿಸುತ್ತಿದ್ದಾಳೆಂದು ನನಗೆ ಆ ಕ್ಷಣವೇ ತಿಳಿಯಿತು. "ಒಂದೇ ಒಂದು, ಚಿನ್ನ," ಎಂದೆ. ಮರೆಯಿಂದ ಮುಂದೆ ಬಂದು "ಮೆರ್ರಿ ಕ್ರಿಸ್‌ಮಸ್" ಎಂದು ಕೂಗಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಫ್ಲ್ಯಾಷ್ ಹೊಳೆಯಿತು.

ತಿರುಗಿದ ಆ ಮುಖವನ್ನು ಬಣ್ಣಿಸಲಾರೆ. ಒಂದು ಉಸಿರಿನಷ್ಟು ಹೊತ್ತು ಹಾಗೇ ಇತ್ತು. ಆಮೇಲೆ ಅವರು ನೆಲಕ್ಕೆ ಕೈಯೂರಿ ಎದ್ದರು. ಬಲಗೈ ತಾನಾಗಿ ಮೇಲಕ್ಕೆ ಹೋಯಿತು. "ವೆಲ್‌ಕಮ್, ವೆಲ್‌ಕಮ್," ಎಂದರು. ಮಂಜುಗಡ್ಡೆಯ ದೀಪ ಮಾಡುವ ಬಗೆಯನ್ನು ವಿವರಿಸಿದರು. ಮೂರ್ತಿಯವರ ಮಕ್ಕಳಿಗೆ ಒಬ್ಬೊಬ್ಬರಾಗಿ ಮಂಜುಗಡ್ಡೆ ಮುಟ್ಟಲು ಬಿಟ್ಟರು. ಇಪ್ಪತ್ತು ನಿಮಿಷ ನಡೆಯಿತು.

"ಮೇಷ್ಟ್ರೇ, ನಿಮ್ಮ ಅಜ್ಜಿ ಟಿಕೆಟ್ ಇಟ್ರೂ ಜನ ಬರ್ತಾರೆ ಕಣ್ರೀ," ಎಂದರು ಮೂರ್ತಿ. ನಾನು ನಕ್ಕೆ.

ಮೆಟ್ಟಿಲು ಹತ್ತುವಾಗ ಅನಘಾ ಹೇಳಿದಳು, "ಷಿ ವಾಸ್ ಟಾಕಿಂಗ್ ಟು ಹರ್ ಸಿಸ್ಟರ್."

"ಏನಂದ್ರು?"

"ಅಕ್ಕಾ, ಚಳಿ ಆಗ್ತಿಲ್ವಾ, ಅಂತ."

ಮರುದಿನ ಬೆಳಿಗ್ಗೆ ಮೂವರೂ ಅವರ ಬಾಗಿಲಿಗೆ ಹೋದೆವು. ಸುಮಿಮಾಸೆನ್, ಕ್ಷಮಿಸಿ, ಎಂದು ನಾನು ಎಷ್ಟು ಸಲ ಬಾಗಿದೆನೋ. ಅವರು ನನಗಿಂತ ಕೆಳಕ್ಕೆ ಬಾಗಿದರು.

"ಆ ತರಗತಿ ಜಪಾನೀಸಿನಲ್ಲಿತ್ತು, ಸೆನ್ಸೇ. ನಿಮಗೆ ಅರ್ಥವಾಗಿರಲಿಕ್ಕಿಲ್ಲ. ಪ್ರವಾಸಿಗೆ ಮೊದಲೇ ಹೇಳದಿದ್ದರೆ ಅದು ಗೈಡಿನ ತಪ್ಪು."

ನಾನು ಹೌದು ಎಂದೆ. ಅರ್ಥವಾಗಿರಲಿಲ್ಲ ಎಂದೂ ಸೇರಿಸಿದೆ. ಅನಘಾ ತನ್ನ ಶೂ ನೋಡುತ್ತಾ ನಿಂತಿದ್ದಳು.

ಮುಂದಿನ ಮೂರು ಚಳಿಗಾಲವೂ ಅವರು ಬಕೆಟ್ ತಂದರು, ಸುಮಾ ತೆಂಗಿನತುರಿ ಹೊರಗಿಟ್ಟಳು. ಪ್ರತಿ ವರ್ಷ ಬಾಗಿಲಲ್ಲೇ ನಿಂತು ಅವರು ನನಗೆ ನಿಯಮಗಳನ್ನು ಇಂಗ್ಲಿಷಿನಲ್ಲಿ ಮೊದಲಿನಿಂದ ಹೇಳುತ್ತಿದ್ದರು: ಬೇಲಿಯ ಬದಿ, ಮಾತಿಲ್ಲ, ಚಪ್ಪಾಳೆಯಿಲ್ಲ, ಕ್ಯಾಮೆರಾ ಚೀಲದಲ್ಲಿರಲಿ. ಪ್ರತಿ ವರ್ಷ ನಾನು ಮೊದಲ ಸಲ ಕೇಳುವವನಂತೆ ಕೇಳಿದೆ. ನಿಜ ಹೇಳಿಬಿಡಲು ನನಗೆ ಮೂರು ಅವಕಾಶಗಳಿದ್ದವು.

ನಾಲ್ಕನೆಯ ಚಳಿಗಾಲಕ್ಕೆ ಮೊದಲೇ ಅವರು ಆಸ್ಪತ್ರೆಯಲ್ಲಿ ತೀರಿಕೊಂಡರು. ಮನೆ ಖಾಲಿ ಮಾಡಲು ಹಿರೋಷಿಮಾದಿಂದ ಬಂದ ಸಂಬಂಧಿಕರೊಬ್ಬರು ಎರಡು ಬಕೆಟ್‌ಗಳನ್ನು ನಮಗೆ ಕೊಟ್ಟರು. ಮೇಲೆ ಅಜ್ಜಿಯ ಅಕ್ಷರದಲ್ಲಿ ನನ್ನ ಹೆಸರಿನ ಚೀಟಿ ಇತ್ತಂತೆ. ಆ ಡಿಸೆಂಬರಿನಿಂದ ನಾವು ಮೂರು ದೀಪ ಹಚ್ಚುತ್ತೇವೆ. ಮೂರನೆಯ ಬಕೆಟ್ ನಮ್ಮ ಮನೆಯದು.

ಆ ಮೊದಲ ಸಂಜೆ ಅಲ್ಲಿದ್ದವರಲ್ಲಿ ಅಜ್ಜಿಯನ್ನು ಬಿಟ್ಟು ಎಲ್ಲರೂ ಈಗಲೂ ಇದ್ದಾರೆ. ಮೂರ್ತಿ, ಅವರ ಹೆಂಡತಿ, ಮಕ್ಕಳು ಮೈಸೂರಿಗೆ ಮರಳಿದ್ದಾರೆ. ಸುಮಾ ಪಕ್ಕದ ಕೋಣೆಯಲ್ಲಿದ್ದಾಳೆ. ಅವರೆಲ್ಲ ಕಂಡದ್ದು, ತಿಳಿಯದೆ ತಪ್ಪು ಮಾಡಿದವನನ್ನು. ತಿಳಿದೂ ಮಾಡಿದವನನ್ನು ಕಂಡವಳು ಅನಘಾ ಒಬ್ಬಳೇ. ಒಸಾಕಾದಲ್ಲಿದ್ದಾಳೆ. ಪ್ರತಿ ಡಿಸೆಂಬರ್ ಇಪ್ಪತ್ತನಾಲ್ಕರ ಸಂಜೆ ಫೋನ್ ಮಾಡಿ, ದೀಪ ಹಚ್ಚಿದಿರಾ ಎಂದು ಕೇಳುತ್ತಾಳೆ. ಬೇರೇನೂ ಕೇಳುವುದಿಲ್ಲ.