ದೀಪ ಹಚ್ಚುವ ಹೊತ್ತಿಗೆ ಎಬ್ಬಿಸಿದ್ದು

ಮದುವೆಯಾಗಿ ಹದಿನಾರು ಅನ್ನುವ ಈ ಊರಿಗೆ ಬಂದ ವಾರದಲ್ಲೇ ನನ್ನ ಪಾಲಿಗೊಂದು ಕೆಲಸ ಬಿತ್ತು. ಸಂಜೆ ಆರಕ್ಕೆ ಗಂಡನನ್ನು ಎಬ್ಬಿಸುವುದು. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಮ್ಮ ಯಜಮಾನರಿಗೆ ನಂಜನಗೂಡಿನ ಹತ್ತಿರದ ಕಾರ್ಖಾನೆಯೊಂದರಲ್ಲಿ ಮೆಷಿನ್ ನೋಡಿಕೊಳ್ಳುವ ಕೆಲಸ. ಒಂದು ವಾರ ಬೆಳಗಿನ ಶಿಫ್ಟು, ಒಂದು ವಾರ ಮಧ್ಯಾಹ್ನದ್ದು, ಒಂದು ವಾರ ರಾತ್ರಿಯದು. ತಿ. ನರಸೀಪುರದ ಕಡೆಯ ನಮ್ಮ ತವರಿನಲ್ಲಿ ಕೋಳಿ ಕೂಗಿದರೆ ಏಳುವುದು, ಉಂಡರೆ ಮಲಗುವುದು. ಅಷ್ಟೇ ಗೊತ್ತಿದ್ದ ನನಗೆ ಈ ಶಿಫ್ಟಿನ ಲೆಕ್ಕ ತಲೆಗೆ ಹತ್ತಲು ತಿಂಗಳು ಹಿಡಿಯಿತು.

ರಾತ್ರಿ ಶಿಫ್ಟಿನ ವಾರದಲ್ಲಿ ಅವರು ಬೆಳಿಗ್ಗೆ ಎಂಟರ ಬಸ್ಸಿಗೆ ಬಂದು ಇಳಿಯುತ್ತಿದ್ದರು. ಮುಖ ತೊಳೆದು, ರೊಟ್ಟಿ ತಿಂದು, ನೇರ ಗದ್ದೆಗೆ. ಮಾವನಿಗೆ ಮಂಡಿನೋವು. ನಾಲೆ ನೀರಿನ ಒಂದೂವರೆ ಎಕರೆ ಬತ್ತ ನೋಡಿಕೊಳ್ಳಲು ಇನ್ಯಾರೂ ಇರಲಿಲ್ಲ. ಮಧ್ಯಾಹ್ನ ಎರಡಕ್ಕೆ ಬಂದು ಮುದ್ದೆ ಉಂಡು ನಡುಮನೆಯಲ್ಲಿ ಚಾಪೆಗೆ ಬಿದ್ದರೆ ಹೆಣದಂಥ ನಿದ್ದೆ. ಮತ್ತೆ ರಾತ್ರಿ ಹತ್ತಕ್ಕೆ ಬಸ್ಸು. ಅಂದರೆ ಒಂಬತ್ತರವರೆಗೆ ಬಿಟ್ಟಿದ್ದರೆ ಏಳು ಗಂಟೆಯ ನಿದ್ದೆ ಸಿಗುತ್ತಿತ್ತು. ಎಷ್ಟು ಸುಲಭದ ಲೆಕ್ಕ ನೋಡಿ. ನಾವು ಬಿಡಲಿಲ್ಲ.

ದೀಪ ಹಚ್ಚುವ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಲಗಿರಬಾರದು. ನಮ್ಮ ಸೀಮೆಯಲ್ಲಿ ಇದನ್ನು ಯಾರಿಗೂ ಕಲಿಸಬೇಕಿಲ್ಲ. ಹಸುಗೂಸನ್ನೂ ತೊಡೆಗೆ ಎತ್ತಿಕೊಳ್ಳುತ್ತಾರೆ, ಜ್ವರ ಬಂದವರನ್ನೂ ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಅತ್ತೆ ಕೈಕಾಲು ತೊಳೆದು, ವಿಭೂತಿ ಇಟ್ಟುಕೊಂಡು, ದೀಪಕ್ಕೆ ಎಣ್ಣೆ ಬಿಡುತ್ತಾ ನನ್ನ ಕಡೆ ಒಮ್ಮೆ ನೋಡುವರು. ಬಾಯಿ ಬಿಟ್ಟು ಹೇಳಬೇಕಿರಲಿಲ್ಲ. ಎದ್ದ ಮನುಷ್ಯ ಇದು ಬೆಳಿಗ್ಗೆಯೋ ಸಂಜೆಯೋ ಅಂತ ತಿಳಿಯದೆ ಒಂದು ಗಳಿಗೆ ಸುಮ್ಮನೆ ಕೂರುತ್ತಿದ್ದರು. ಆಮೇಲೆ ಬಂದವರು ಹೋದವರ ಜೊತೆ ಮಾತು, ಟಿವಿ, ಊಟ. ಮತ್ತೆ ಮಲಗುವ ಮಾತೆಲ್ಲಿ?

ಇದರಲ್ಲಿ ನಮಗೆ ಹೆಮ್ಮೆ ಬೇರೆ. ನಮ್ಮ ಹುಡುಗ ಒಬ್ಬನೇ ಇಬ್ಬರಾಳು ಅಂತ ಮಾವ ಟೀ ಅಂಗಡಿಯಲ್ಲಿ ಕೂತು ಹೇಳಿಕೊಳ್ಳುತ್ತಿದ್ದರು. ನಾನೇನು ಕಮ್ಮಿಯೇ? ತವರಿಗೆ ಹೋದಾಗಲೆಲ್ಲ, ಬೆಳಿಗ್ಗೆ ಏಳರವರೆಗೂ ಹೊದ್ದು ಮಲಗುವ ಭಾವನನ್ನು ತೋರಿಸಿ, ಕುಂಭಕರ್ಣನಿಗೆ ಹೆಣ್ಣು ಕೊಟ್ಟಿದ್ದೀರಿ ಬಿಡಿ ಅಂತ ಅಕ್ಕನನ್ನು ರೇಗಿಸುತ್ತಿದ್ದೆ. ಅಕ್ಕ ನಗುತ್ತಿದ್ದಳು. ಆ ಭಾವ ಇವತ್ತಿಗೂ ಸೈಕಲ್ ತುಳಿಯುತ್ತಾರೆ.

ನರಸೀಪುರದಲ್ಲಿ ನನ್ನ ತಮ್ಮನ ಮದುವೆ. ಊಟದ ಪಂಕ್ತಿಯಲ್ಲಿ ಕೂತ ನಮ್ಮ ಯಜಮಾನರು ಎಲೆಯ ಮೇಲೆ ಕೈಯಿಟ್ಟುಕೊಂಡು ಹಾಗೇ ನಿದ್ದೆ ಹೋದರು. ಬಡಿಸುವವನು ಪಾಯಸದ ಸೌಟು ಹಿಡಿದು ನಿಂತುಕೊಂಡ. ಸುತ್ತಲಿನವರೆಲ್ಲ ಹೊಟ್ಟೆ ಹಿಡಿದು ನಕ್ಕರು, ನಾನೂ ನಕ್ಕೆ. ಈಗ ಅದನ್ನು ನೆನೆದರೆ ಕೆನ್ನೆಗೆ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಹೀಗೆ ಹತ್ತು ವರ್ಷ ಕಳೆಯಿತು. ಮೈ ಒಳಗೊಳಗೇ ಏನು ಹೇಳುತ್ತಿತ್ತೋ ನಮಗೆ ಕೇಳಿಸಲಿಲ್ಲ. ಕೈಕಾಲು ಸಣ್ಣಗಿದ್ದರೂ ಹೊಟ್ಟೆ ಮುಂದೆ ಬಂತು. ತೂಕವಾಗಿ ಮಾತಾಡುತ್ತಿದ್ದವರು ಸಣ್ಣದಕ್ಕೂ ಸಿಡುಕತೊಡಗಿದರು. ಬೆಳಗಿನ ಶಿಫ್ಟಿನ ವಾರ ರಾತ್ರಿ ಮಲಗೋಣವೆಂದರೆ ಕಣ್ಣು ಮುಚ್ಚುತ್ತಿರಲಿಲ್ಲ, ತಂಬಿಗೆ ತಂಬಿಗೆ ನೀರು ಕುಡಿಯುವುದು, ಹಿತ್ತಲಿಗೆ ಓಡಾಡುವುದು. ಪಿತ್ತ ಇರಬೇಕು ಅಂತ ನಾನು ನೆತ್ತಿಗೆ ಹರಳೆಣ್ಣೆ ತಟ್ಟುತ್ತಿದ್ದೆ. ಕೊನೆಗೆ ಕಾಲಿನ ಗಾಯವೊಂದು ಎರಡು ತಿಂಗಳಾದರೂ ಮಾಯದಾಗ ನಂಜನಗೂಡಿನ ಡಾಕ್ಟರ ಹತ್ತಿರ ಹೋದೆವು. ಸಕ್ಕರೆ ಕಾಯಿಲೆ ಇತ್ತು, ಬಿಪಿಯೂ ಇತ್ತು.

ಎಷ್ಟು ಹೊತ್ತು ನಿದ್ದೆ ಮಾಡ್ತಾರೆ ಎಂದು ಡಾಕ್ಟರು ಕೇಳಿದರು. ಇವರಿಗೆ ಮೂರು ನಾಲ್ಕು ಗಂಟೆ ಸಾಕು ಸಾ ಅಂದೆ, ಆಗಲೂ ಜಂಬದಿಂದಲೇ. ಅವರು ಬರೆಯುವುದನ್ನು ನಿಲ್ಲಿಸಿ ಶಿಫ್ಟು, ಗದ್ದೆ, ಸಂಜೆ ಎಬ್ಬಿಸುವುದು, ಎಲ್ಲವನ್ನೂ ಕೇಳಿ ತಿಳಿದುಕೊಂಡರು. ಹಗಲು ರಾತ್ರಿಗೆ ತಕ್ಕ ಹಾಗೆ ಮೈಯಲ್ಲಿ ಸಕ್ಕರೆ, ರಕ್ತದೊತ್ತಡ ಏರಿಳಿಯುತ್ತವೆ, ವರ್ಷಗಟ್ಟಲೆ ನಿದ್ದೆಗೆಟ್ಟರೆ ಆ ಹದ ತಪ್ಪುತ್ತದೆ ಎಂದರು. ಕಾಯಿಲೆಗೆ ಅದೊಂದೇ ಕಾರಣ ಅನ್ನಲಾರೆ, ವಂಶದಲ್ಲೂ ಇದ್ದೀತು, ಆದರೆ ಹೀಗೇ ಮುಂದುವರಿದರೆ ಪಾರ್ಶ್ವವಾಯುವೋ ಹೃದಯಾಘಾತವೋ ಆಗಬಹುದು ಎಂದರು. ಬಾಗಿಲ ತನಕ ಬಂದ ಮೇಲೆ ನನ್ನೊಬ್ಬಳನ್ನೇ ಕರೆದರು.

"ಮಾತ್ರೆ ನಾನು ಕೊಡ್ತೀನಮ್ಮ. ನಿದ್ದೆ ನೀನು ಕೊಡಿಸ್ಬೇಕು."

ಆ ವಾರ ರಾತ್ರಿ ಶಿಫ್ಟೇ ಇತ್ತು. ನಡುಮನೆಯ ಕಿಟಕಿಗೆ ಗೋಣಿಚೀಲ ಕಟ್ಟಿದೆ. ಟಿವಿಯ ವೈರು ಕಿತ್ತಿಟ್ಟೆ. ಆರು ಗಂಟೆಯಾಯಿತು, ನಾನು ಎಬ್ಬಿಸಲಿಲ್ಲ, ಹೊಸ್ತಿಲಲ್ಲಿ ಅಡ್ಡ ಕೂತೆ. ಅತ್ತೆ ದೀಪದ ಮುಂದಿಂದ ಎದ್ದು ಬಂದರು. ಡಾಕ್ಟರು ಹೇಳಿದ್ದನ್ನೆಲ್ಲ ಒದರಿದೆ. ಅವರು ಜಗಳ ಆಡಿದ್ದರೆ ನಾನೂ ಆಡುತ್ತಿದ್ದೆ, ನನ್ನ ಬಾಯಿಯೇನು ಸಣ್ಣದಲ್ಲ. ಅವರು ಸೆರಗಿನಲ್ಲಿ ಕಣ್ಣೊರೆಸಿಕೊಂಡು ನನ್ನ ಪಕ್ಕದಲ್ಲೇ ಕೂತುಬಿಟ್ಟರು.

"ಈ ಒತ್ನಲ್ಲಿ ಮಲಗಿದ್ರೆ ಆಯಸ್ಸು ಕಮ್ಮಿ ಆಯ್ತದೆ ಕಣವ್ವ. ನಂಗಿರೋನು ಒಬ್ನೇ ಮಗ. ನಿನ್ ಕಾಲಿಗ್ ಬಿದ್ದೇನು, ಎಬ್ಬುಸು."

ಡಾಕ್ಟರು ಹೇಳಿದ್ದೂ ಆಯಸ್ಸಿನ ಮಾತೇ. ಆದರೆ ಅವರದು ಓದಿದವರ ಮಾತು. ಇದು ನನ್ನ ಅವ್ವನೂ ಅಜ್ಜಿಯೂ ಹೇಳಿದ್ದು. ಎಲ್ಲಿ ಈ ಪಾಪ ನನ್ನ ತಲೆಗೆ ಸುತ್ತಿಕೊಳ್ಳುತ್ತದೋ ಅಂತ ಹೆದರಿಬಿಟ್ಟೆ. ಎದ್ದು ಹೋಗಿ ಎಬ್ಬಿಸಿದೆ. ಮಾರನೆಯ ದಿನವೂ ಎಬ್ಬಿಸಿದೆ. ಗೋಣಿಚೀಲ ಬಿಚ್ಚಿ ಬತ್ತ ತುಂಬಲು ಕೊಟ್ಟೆ. ಮಾತ್ರೆಯನ್ನು ಮಾತ್ರ ಒಂದು ಹೊತ್ತೂ ತಪ್ಪಿಸಲಿಲ್ಲ, ಅಷ್ಟಕ್ಕೇ ನಾನು ದೊಡ್ಡ ಪತಿವ್ರತೆ ಅಂದುಕೊಂಡೆ.

ಮತ್ತೆ ಮೂರು ವರ್ಷ ಹಾಗೇ ನಡೆಯಿತು. ಒಂದು ಬೆಳಿಗ್ಗೆ ಬಸ್ಸಿಳಿದು ಗದ್ದೆಗೆ ಹೋದವರು ಬದುವಿನ ಮೇಲೆ ಬಿದ್ದಿದ್ದರು. ಪಕ್ಕದ ಗದ್ದೆಯವರು ಎತ್ತಿಕೊಂಡು ಬಂದಾಗ ಬಲಗೈ ಜೋತುಬಿದ್ದಿತ್ತು, ಬಾಯಿ ಒಂದು ಕಡೆಗೆ ವಾಲಿತ್ತು. ವಯಸ್ಸು ನಲವತ್ತೆರಡು. ಮೈಸೂರಿನ ಆಸ್ಪತ್ರೆಯಲ್ಲಿ ಇಪ್ಪತ್ತು ದಿನ ಇದ್ದೆವು. ಜೀವ ಉಳಿಯಿತು. ಬಲಗೈ ಮತ್ತೆ ಕೆಲಸಕ್ಕೆ ಬರಲಿಲ್ಲ.

ಗದ್ದೆಯನ್ನು ಬೆಳೆಯಲ್ಲಿ ಪಾಲಿನ ಲೆಕ್ಕದಲ್ಲಿ ಪಕ್ಕದವರಿಗೆ ವಾರಕ್ಕೆ ಕೊಟ್ಟೆವು. ಕಾರ್ಖಾನೆಯ ಕೆಲಸವೂ ಹೋಯಿತು. ಊರಿಗೆ ಬಂದ ಮೊದಲ ಸಂಜೆ ಅವರು ಮಲಗಿದ್ದರು. ಅತ್ತೆ ದೀಪ ಹಚ್ಚಿ, ಸದ್ದಾಗದಂತೆ ನಡುಮನೆಯ ಬಾಗಿಲು ಎಳೆದುಕೊಂಡು ಹಿತ್ತಲಿಗೆ ಹೋದರು. ಅಲ್ಲಿ ಎಷ್ಟು ಹೊತ್ತು ಅತ್ತರೋ, ನಾನು ಹೋಗಿ ಸಮಾಧಾನ ಮಾಡಲಿಲ್ಲ. ನನ್ನಲ್ಲೂ ಇರಲಿಲ್ಲ ಸಮಾಧಾನ.

ಒಂದು ದಿನ ಯಜಮಾನರ ಕೈಗೆ ಎಣ್ಣೆ ತಿಕ್ಕುತ್ತಾ ತಡೆಯಲಾರದೆ ಹೇಳಿಬಿಟ್ಟೆ. ಗೊತ್ತಿದ್ದೂ ಎಬ್ಬಿಸಿದೆ, ನಿಮ್ಮ ಕೈ ತೆಗೆದವಳು ನಾನೇ ಅಂದೆ. ಆಗ ಅವರಿಗೆ ಒಂದೊಂದು ಮಾತೂ ಗುಡ್ಡ ಹತ್ತಿದಷ್ಟು ಕಷ್ಟ. ಎಡಗೈಯನ್ನು ನನ್ನ ತಲೆಯ ಮೇಲಿಟ್ಟು, ತಡೆದು ತಡೆದು ಅಂದರು.

"ನೀನ್ ಎಬ್ಬುಸ್ದಿದ್ರೂ... ಎದ್ದುಬುಡ್ತಿದ್ದೆ ಕಣೇ. ನಂಗೇ ಎಚ್ರ ಆಗೋಗಿರ್ತಿತ್ತು."

ಸುಳ್ಳು. ಹದಿಮೂರು ವರ್ಷದಲ್ಲಿ ಒಂದು ಸಂಜೆಯೂ ಆ ಮನುಷ್ಯ ತಾನಾಗಿ ಎದ್ದವರಲ್ಲ. ಭುಜ ಹಿಡಿದು ಅಲುಗಾಡಿಸಿ, ಆಗಲೂ ಏಳದಿದ್ದರೆ ಮುಖಕ್ಕೆ ನೀರು ಚಿಮುಕಿಸಿ ಎಬ್ಬಿಸಿದವಳು ನಾನು. ಇನ್ನೊಂದು ಚೂರು ಮಲಗ್ತೀನಿ ಕಣೇ ಅಂತ ಅವರು ದಿನವೂ ಕೇಳುತ್ತಿದ್ದರು.